ತಪ್ಪಿಲ್ಲದೆ ನುಡಿಸಿದ ಅಂತ ಬರೆದ್ರಿ, ಏನು ನುಡಿಸಿದ ಅಂತ ಬರೀಲಿಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪೇಪರಿನ ಜಿಲ್ಲೆ ಪುಟದಲ್ಲಿ, ಕೆಳಗಡೆ ಮೂಲೇಲಿ ಒಂದು ಸಣ್ಣ ಸುದ್ದಿ ಬಂದಿತ್ತು, ನಮ್ಮ ದಾವಣಗೆರೆ ಹುಡುಗ ಒಬ್ಬ ಕೀಬೋರ್ಡ್ ಸ್ಪರ್ಧೇಲಿ ಫಸ್ಟ್ ಬಂದಿದಾನೆ ಅಂತ. ಫೋಟೋನೂ ಇತ್ತು, ಹುಡುಗನ ಕೈಯಲ್ಲಿ ಕಪ್, ಅಕ್ಕಪಕ್ಕ ಅಪ್ಪ ಅಮ್ಮ. ಓದಿ ಖುಷಿ ಆಯ್ತು. ಆದ್ರೆ ಸುದ್ದಿ ಕೊನೇಲಿ ನಿಮ್ಮ ವರದಿಗಾರರು, ಹುಡುಗ ಒಂದೇ ಒಂದು ತಪ್ಪಿಲ್ಲದೆ ನುಡಿಸಿ ತೀರ್ಪುಗಾರರ ಮೆಚ್ಚುಗೆ ಗಳಿಸಿದ ಅಂತ ಬರೆದಿದ್ರು. ಆ ಒಂದು ಲೈನು ನನಗೆ ನಾಲ್ಕು ದಿನದಿಂದ ಹಲ್ಲಿನ ಸಂದೀಲಿ ಸಿಕ್ಕ ಅಡಿಕೆ ಚೂರಿನ ತರ ಕಾಡ್ತಾ ಐತೆ. ನಾಲಿಗೆ ಸುಮ್ನೆ ಅಲ್ಲೇ ಹೋಗ್ತದೆ. ಅದಕ್ಕೆ ಈ ಕಾಗದ.

ಮೊದ್ಲೇ ಹೇಳಿಬಿಡ್ತೀನಿ, ಆ ಹುಡುಗನ ಮೇಲೆ ನಂದು ಯಾವ ದೂರೂ ಇಲ್ಲ. ಆ ವಯಸ್ಸಿಗೆ ಅಷ್ಟು ಕೂತು ಪ್ರಾಕ್ಟೀಸ್ ಮಾಡೋ ಮಕ್ಕಳು ಎಷ್ಟು ಜನ ಅದಾರೆ ಹೇಳಿ. ನನ್ನ ತಕರಾರು ನಾವು ದೊಡ್ಡೋರು ಸಂಗೀತಾನ ಅಳಿಯೋಕೆ ಇಟ್ಕೊಂಡಿರೋ ಅಳತೆಗೋಲಿನ ಮೇಲೆ. ತಪ್ಪು ಎಷ್ಟು ಅಂತ ಎಣಿಸ್ತೀವಿ, ಸೊನ್ನೆ ಬಂದ್ರೆ ಕಪ್ ಕೊಡ್ತೀವಿ.

ನಾನ್ಯಾರು ಅಂತ ಹೇಳಬೇಕಲ್ಲ. ಮಂಡಿಪೇಟೆ ಕಡೆ ನಂದೊಂದು ಪುಟ್ಟ ಅಂಗಡಿ, ಹಾರ್ಮೋನಿಯಂ ರಿಪೇರಿ ಮಾಡ್ತೀನಿ, ಈಗೀಗ ಕೀಬೋರ್ಡೂ ಬಿಚ್ತೀನಿ, ಹೊಟ್ಟೆಪಾಡು. ನಮ್ಮಪ್ಪ ಕಂಪನಿ ನಾಟಕದಲ್ಲಿ ಪೆಟ್ಟಿಗೆ ಮಾಸ್ತರು, ಪೆಟ್ಟಿಗೆ ಅಂದ್ರೆ ಹಾರ್ಮೋನಿಯಂ. ಕಾಲ್ಪೆಟ್ಟಿಗೆ ಅಂತಾರಲ್ಲ, ಕಾಲಲ್ಲಿ ತಿದಿ ಒತ್ತಿ ಎರಡೂ ಕೈಲಿ ನುಡಿಸೋದು, ಅದು. ದುರ್ಗಾಂಬಿಕಾ ಜಾತ್ರೆ ಬಂತಂದ್ರೆ ಊರಲ್ಲಿ ಕಂಪನಿಗಳು ಟೆಂಟ್ ಹಾಕಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡೋರು. ಚಿಂದೋಡಿ ಲೀಲಾ ಅವರಂಥ ಕಲಾವಿದೆಯ ಊರು ಇದು, ಹಳಬರಿಗೆ ನಾನು ಹೇಳೋದೇನೂ ಬೇಕಿಲ್ಲ. ನಾನು ಎಂಟು ಒಂಬತ್ತು ವರ್ಷದವನಿದ್ದಾಗ ಅಪ್ಪನ ಕಾಲ ಹತ್ರ ಕೂತು ನಾಟಕ ನೋಡ್ತಾ, ಅಂದ್ರೆ ನಿದ್ದೆ ಹೊಡೀತಾ, ಬೆಳೆದೋನು.

ಈಗ ಮೊಮ್ಮಗಳ ಕಥೆಗೆ ಬರ್ತೀನಿ. ಹನ್ನೊಂದು ವರ್ಷ. ವಾರಕ್ಕೆ ಎರಡು ದಿನ ಪಿಯಾನೋ ಕ್ಲಾಸ್ ಅಂತ ಹೋಗ್ತಾಳೆ, ಪಿಯಾನೋ ಅಲ್ಲ, ಕೀಬೋರ್ಡೇ, ಆದ್ರೆ ಪಾಠ ಪಿಯಾನೋದ್ದು, ವಿಲಾಯ್ತಿ ಬೋರ್ಡಿನ ಗ್ರೇಡ್ ಪರೀಕ್ಷೆ ಕಟ್ತಾರೆ. ಮನೇಲಿ ಪ್ರಾಕ್ಟೀಸ್ ಮಾಡೋಕೆ ಫೋನಲ್ಲಿ ಒಂದು ಆ್ಯಪ್. ಸ್ಕ್ರೀನ್ ಮೇಲೆ ಸ್ವರಗಳು ಮಳೆ ಹನಿ ತರ ಮೇಲಿಂದ ಇಳೀತವೆ, ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಒತ್ತಿದ್ರೆ ಹಸಿರು, ಒಂಚೂರು ಹಿಂದೆ ಮುಂದೆ ಆದ್ರೆ ಕೆಂಪು. ಕೊನೇಲಿ ನೂರಕ್ಕೆ ಇಷ್ಟು ಅಂತ ಮಾರ್ಕ್ಸು. ಒಂದು ಸಂಜೆ ಅಂಗಡಿಗೆ ಬಂದಿದ್ಲು, ಯಾವುದೋ ನಿಧಾನದ ಟ್ಯೂನ್ ನುಡಿಸ್ತಿದ್ಲು, ಒಂದು ಕಡೆ ಸ್ವರ ಮೇಲಕ್ಕೆ ಹತ್ತಿ ಅಲ್ಲಿಂದ ಇಳಿಯೋ ಮುಂಚೆ ಹುಡುಗಿ ತಾನಾಗೇ ಒಂದು ಕ್ಷಣ ತಡೆದ್ಲು. ಯಾರೂ ಹೇಳ್ಕೊಟ್ಟಿದ್ದಲ್ಲ. ಮೇಲೆ ಹತ್ತಿದೋರು ಒಂದುಸಿರು ತಗೊಂಡು ಇಳಿಯಲ್ವಾ, ಹಂಗೆ. ನಾನು ಕೈಯಲ್ಲಿದ್ದ ಅರ ಕೆಳಗಿಟ್ಟು ತಲೆ ಎತ್ತಿದೆ. ಅಷ್ಟೊತ್ತಿಗೆ ಸ್ಕ್ರೀನ್ ಕೆಂಪಾಯ್ತು. ಅವಳು "ಥೂ" ಅಂತ ಮೊದಲಿಂದ ಶುರು ಮಾಡಿದ್ಲು. ಮೂರನೇ ಸಲಕ್ಕೆ ಆ ತಡೆ ಹೋಗಿತ್ತು, ಹಸಿರು ಬಂತು, ನೂರಕ್ಕೆ ತೊಂಬತ್ತೆಂಟು. ಅಜ್ಜ ನೋಡು ಅಂತ ಫೋನ್ ಹಿಡಿದು ತೋರಿಸಿದ್ಲು. ನಾನು ಭೇಷ್ ಅಂದೆ, ಇನ್ನೇನು ಅನ್ಲಿ.

ಅವತ್ತಿಂದ ನಾನು ಈ ಪಿಯಾನೋ ವಿಷಯ ಹುಡುಕ್ಕೊಂಡು ಕೇಳೋಕೆ ಶುರು ಮಾಡಿದ್ದು. ಅಂಗಡೀಲಿ ಕೈ ಕೆಲಸ ಮಾಡ್ತಾ ಕಿವಿ ಖಾಲಿ ಇರ್ತದಲ್ಲ, ಹಳೇ ಹಳೇ ರೆಕಾರ್ಡುಗಳು ಫೋನಲ್ಲೇ ಸಿಗ್ತವೆ, ಪುಗಸಟ್ಟೆ. ಶೋಪಾನ್ ಅಂತ ಪೋಲೆಂಡಿನೋನು, 1810ರಲ್ಲಿ ಹುಟ್ಟಿ 1849ಕ್ಕೆ ತೀರ್ಕೊಂಡ, ನಲವತ್ತು ತುಂಬಲಿಲ್ಲ. ಅವನದೊಂದು ನಾಕ್ಟರ್ನ್ ಐತೆ, ರಾತ್ರಿ ಹೊತ್ತಿನ ತುಣುಕು ಅಂತಿಟ್ಕೊಳ್ಳಿ, ಓಪಸ್ 9 ಅಂದ್ರೆ ಒಂಬತ್ತನೇ ನಂಬರಿನ ಕೃತಿ, ಅದರಲ್ಲಿ ಎರಡನೇದು, ಪಿಯಾನೋ ಕಲಿಯೋ ಮಕ್ಕಳೆಲ್ಲ ಒಂದಲ್ಲ ಒಂದು ದಿನ ನುಡಿಸೋದೇ. ಅದನ್ನ ರಷ್ಯಾದ ರಾಖ್ಮನಿನಾಫ್ ಅನ್ನೋ ದೊಡ್ಡ ಪಿಯಾನೋದವನು 1927ರಲ್ಲಿ ರೆಕಾರ್ಡ್ ಮಾಡಿದಾನೆ. (ಏಕವಚನದಲ್ಲಿ ಬರೀತಿದೀನಿ ಅಂತ ಬೇಜಾರು ಮಾಡ್ಕೋಬೇಡಿ, ದಿನಾ ಕೇಳಿ ಕೇಳಿ ಸಲಿಗೆ ಬಂದುಬಿಟ್ಟೈತೆ.) ಅದನ್ನ ಒಂದ್ಸಲ ಕೇಳಿದೆ, ಆಮೇಲೆ ಈಗಿನ ಸ್ಪರ್ಧೆ ಗೆದ್ದೋರು ಒಬ್ರು ಅದೇ ತುಣುಕು ನುಡಿಸಿದ್ದು ಕೇಳಿದೆ. ಎರಡನೇದು ಗಾಜಿನ ಹಂಗೆ ಐತೆ, ಒಂದು ಧೂಳಿಲ್ಲ, ಒಂದೊಂದು ಸ್ವರಾನೂ ಎಣಿಸಿಕೊಡ್ತಾರೆ. ಮೊದಲನೇದು ಕರಕರ ಸದ್ದಿನ ಮಧ್ಯೆ ಯಾರೋ ಪಕ್ಕದ ಕೋಣೇಲಿ ಕೂತು ಮಾತಾಡ್ದಂಗೆ. ಎಡಗೈ ಕೆಳಗಡೆ ಧುಂ ತ ತ, ಧುಂ ತ ತ ಅಂತ ಹೋಗ್ತಿರ್ತದೆ, ಬಲಗೈ ಅದರ ಮೇಲೆ ಹಾಡ್ತದೆ, ಒಂದು ಕಡೆ ಹಿಂದೆ ಉಳೀತದೆ, ಇನ್ನೊಂದು ಕಡೆ ಓಡಿ ಬಂದು ಸೇರ್ಕೊಳ್ತದೆ. ಸಾಲು ಮುಗಿಯೋ ಕಡೆ ಅವನು ಕೊಡೋ ತಡ ಐತಲ್ಲ, ನಮ್ಮ ಮೊಮ್ಮಗಳು ಕೊಟ್ಟಿದ್ದಳಲ್ಲ, ಅದೇ. ಆ ಆ್ಯಪಿನ ಮುಂದೆ ರಾಖ್ಮನಿನಾಫ್‌ನ ಕೂರಿಸಿದ್ರೆ ಪಾಪ ಸ್ಕ್ರೀನೆಲ್ಲಾ ಕೆಂಪು, ಫೇಲು.

ಇದಕ್ಕೆ ಅವರ ಕಡೆ ರುಬಾಟೋ ಅಂತಾರೆ, ಅಂದ್ರೆ ಕದ್ದ ಕಾಲ. ಶೋಪಾನ್ ತನ್ನ ಶಿಷ್ಯರಿಗೆ, ಎಡಗೈ ತಾಳ ಹಿಡಿಯೋ ಯಜಮಾನ, ಬಲಗೈ ಬೇಕಾದ್ರೆ ಅಲ್ಲಾಡಲಿ ಅಂತ ಹೇಳ್ತಿದ್ದನಂತೆ. ಲಿಸ್ಟ್ ಅನ್ನೋ ಇನ್ನೊಬ್ಬ ದೊಡ್ಡ ಪಿಯಾನೋದವನು ಇದನ್ನೇ ಮರ ತೋರಿಸಿ ಹೇಳಿದ್ದನಂತೆ, ಗಾಳಿಗೆ ಎಲೆ ಆಡ್ತವೆ, ಮರ ಇದ್ದಲ್ಲೇ ಇರ್ತದೆ ಅಂತ. ಇದನ್ನ ಓದಿದಾಗ ನಾನು ಒಬ್ಬನೇ ನಕ್ಕೆ. ಯಾಕಂದ್ರೆ ಕಂಪನಿ ನಾಟಕದಲ್ಲಿ ಇದು ದಿನಾ ರಾತ್ರಿ ನಡೀತಿತ್ತು ಕಣ್ರಿ. ನಾಯಕ ನಟ ಹಾಡು ಎತ್ತಿದ ಅಂದ್ರೆ ಜನರ ಮುಖ ನೋಡ್ಕೊಂಡು ಎಲ್ಲಿ ಬೇಕಲ್ಲಿ ಎಳೀತಿದ್ದ, ತಬಲಾದೋರು ಮಾತ್ರ ಕಲ್ಲಿನಂಗೆ ಠೇಕಾ ಹಿಡ್ಕೊಂಡು ಕೂತಿರೋರು, ನಮ್ಮಪ್ಪನ ಎಡಗೈ ತಬಲಾ ಜೊತೆ, ಬಲಗೈ ನಟನ ಜೊತೆ. ಅಪ್ಪನ ಒಬ್ಬ ಮೈಯಲ್ಲೇ ಇಬ್ಬರು ಇದ್ದಂಗೆ. ಕಂದ ಪದ್ಯ ಬಂದ್ರೆ ತಾಳಾನೇ ಇಲ್ಲ, ಬರೀ ಉಸಿರು ನೋಡ್ಕೊಂಡು ಹಿಂದೆ ಹೋಗೋದು. ಒಂದು ರಾತ್ರಿ ನಟನಿಗೆ ಎರಡನೇ ಚರಣ ಮರೆತೇ ಹೋಯ್ತು, ಬಾಯಿ ತೆರೆದು ನಿಂತ. ಅಪ್ಪ ಮೊದಲ ಚರಣದ ಕೊನೇ ಸ್ವರಾನ ಹಿಡ್ಕೊಂಡು ಎಳೆದ್ರು, ಎಳೆದ್ರು, ತಿದಿ ಒತ್ತಿ ಒತ್ತಿ ಸಣ್ಣ ದನಿ ಮಾಡಿ ಮತ್ತೆ ಏರಿಸಿದ್ರು, ಅಷ್ಟರಲ್ಲಿ ಪರದೆ ಹಿಂದಿಂದ ಯಾರೋ ಪದ ಹೇಳ್ಕೊಟ್ರು, ನಟ ಎತ್ಕೊಂಡ. ಜನ ಒನ್ಸ್ ಮೋರ್ ಅಂತ ಕೂಗಿದ್ರು! ಮರೆತಿದ್ದಕ್ಕೆ ಒನ್ಸ್ ಮೋರ್. ಅಪ್ಪ ಅದನ್ನ ಸಾಯೋವರೆಗೂ ಹೇಳ್ಕೊಂಡು ನಗ್ತಿದ್ರು.

ಹಂಗಂತ ಶೋಪಾನ್ ಲಂಗುಲಗಾಮು ಇಲ್ದೋನು ಅಂದ್ಕೋಬೇಡಿ. ಮೆಟ್ರೋನೋಮ್ ಅಂತ ಟಿಕ್ ಟಿಕ್ ಅನ್ನೋ ತಾಳದ ಯಂತ್ರ ಬರ್ತದಲ್ಲ, ಅದು ಅವನ ಪಿಯಾನೋ ಮೇಲೆ ಯಾವಾಗ್ಲೂ ಇರ್ತಿತ್ತು, ತಾಳದ ವಿಷಯದಲ್ಲಿ ಬಲು ಖಡಕ್ಕು ಅಂತ ಅವನ ಶಿಷ್ಯ ಮಿಕುಲಿ ಬರೆದಿದಾನೆ. ಕದಿಯೋನಿಗೆ ಮೊದ್ಲು ಲೆಕ್ಕ ಗೊತ್ತಿರಬೇಕು.

ಪಿಯಾನೋದಲ್ಲಿ ಈ ತಡ, ಈ ಜಗ್ಗಾಟ ಯಾಕೆ ಅಷ್ಟು ಮುಖ್ಯ ಅಂತ ನನಗೆ ಅರ್ಥ ಆಗಿದ್ದು ಪುಸ್ತಕದಿಂದಲ್ಲ, ಕೈಯಿಂದ. ಹತ್ತು ವರ್ಷದ ಹಿಂದೆ ಒಂದು ಶಾಲೆಯವರು ಕರೆದಿದ್ರು, ಸ್ಟೋರ್ ರೂಮಲ್ಲಿ ಒಂದು ಹಳೇ ನಿಲುವು ಪಿಯಾನೋ, ಒಳಗೆ ಇಲಿ ಸಂಸಾರ ಹೂಡಿತ್ತು, ಫೆಲ್ಟೆಲ್ಲಾ ಕಿತ್ತು ಗೂಡು ಮಾಡ್ಕೊಂಡಿದ್ವು. ನಾನು ಪೆಟ್ಟಿಗೆ ರಿಪೇರಿಯವನು, ಪಿಯಾನೋ ಮುಟ್ಟಿದ್ದೇ ಅವತ್ತು ಮೊದಲು, ಆದ್ರೂ ಬಿಚ್ಚಿದೆ. ಒಂಬತ್ತು ದಿನ ಕೂತೆ. ಎಂಬತ್ತೆಂಟು ಮನೆ, ಅಂದ್ರೆ ಬೆರಳು ಒತ್ತೋ ಕೀ, ಐವತ್ತೆರಡು ಬಿಳಿ, ಮೂವತ್ತಾರು ಕರಿ, ತಂತಿ ಇನ್ನೂರಕ್ಕೂ ಮೇಲೆ. ಮನೆ ಒತ್ತಿದ್ರೆ ಒಳಗಡೆ ಸಣ್ಣ ಮರದ ಸುತ್ತಿಗೆ ಹೋಗಿ ತಂತಿಗೆ ಬಡೀತದೆ. ಆದ್ರೆ ಮಜಾ ಏನಂದ್ರೆ, ಸುತ್ತಿಗೆ ತಂತಿ ಮುಟ್ಟೋ ಒಂಚೂರು ಮುಂಚೆನೇ ಬೆರಳಿಗೂ ಅದಕ್ಕೂ ಸಂಬಂಧ ಕಡಿದು ಹೋಗ್ತದೆ, ಕವಣೆ ಕಲ್ಲು ಬಿಟ್ಟಂಗೆ. 1700ರ ಹೊತ್ತಿಗೆ ಇಟಲಿಯ ಕ್ರಿಸ್ಟೋಫೋರಿ ಮಾಡಿದ ಉಪಾಯ ಅದು. ಆ ಸಂಬಂಧ ಕಡೀದಿದ್ರೆ ಸುತ್ತಿಗೆ ತಂತಿಗೇ ಅಂಟ್ಕೊಂಡು ನಾದ ಸತ್ತುಹೋಗ್ತದೆ. ಸರಿ, ಬಡಿದಾದ ಮೇಲೆ ಏನು? ಏನಿಲ್ಲ. ಆ ಸ್ವರ ಹುಟ್ಟಿದ ಗಳಿಗೆಯಿಂದ ಸಾಯೋಕೆ ಶುರು. ನಮ್ಮ ಪೆಟ್ಟಿಗೇಲಿ ತಿದಿ ಒತ್ತಿ ಉಬ್ಬಿಸಬಹುದು, ಸಾರಂಗಿ ಪಿಟೀಲಲ್ಲಿ ಜಾರಬಹುದು, ನಡುಗಿಸಬಹುದು, ಪಿಯಾನೋದಲ್ಲಿ ಒಂದೂ ಆಗಲ್ಲ. ಮೀಂಡ್ ಇಲ್ಲ ಗಮಕ ಇಲ್ಲ. ನುಡಿಸೋನ ಕೈಯಲ್ಲಿ ಉಳಿದಿದ್ದು ಎರಡೇ, ಎಷ್ಟು ಜೋರು ಮತ್ತು ಯಾವಾಗ. ಜೊತೆಗೆ ಕಾಲಲ್ಲಿ ಪೆಡಲ್ಲು. ಅಷ್ಟರಲ್ಲೇ ಹಾಡಿಸಬೇಕು. ಈಗ ನೀವು ಆ "ಯಾವಾಗ" ಅನ್ನೋದನ್ನೂ ಕಿತ್ಕೊಂಡು ಗಡಿಯಾರದ ಕೈಗೆ ಕೊಟ್ರೆ ಇನ್ನೇನು ಉಳೀತು ಅವನಿಗೆ?

ನಮ್ಮ ಕಡೆ ಹಾರ್ಮೋನಿಯಂಗೆ ಇದೇ ವಿಷಯಕ್ಕೆ ಶಿಕ್ಷೆ ಆಗಿತ್ತು, ನೆನಪಿರಲಿ. ಸ್ವರ ಗೂಟ ಹೊಡೆದಂಗೆ ನಿಂತಿರ್ತದೆ, ಗಮಕ ಬರಲ್ಲ ಅಂತ 1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ನಿಷೇಧ ಹಾಕಿದ್ರು, 1971ರವರೆಗೂ ಅದು ಸಡಿಲ ಆಗ್ಲಿಲ್ಲ. ಮೂವತ್ತೊಂದು ವರ್ಷ! ಅದೇ ಪೆಟ್ಟಿಗೇನ ಗದಗಿನ ಪುಟ್ಟರಾಜ ಗವಾಯಿಗಳು ನುಡಿಸಿದ್ರೆ ಯಾರಿಗೂ ಗಮಕದ ನೆನಪು ಆಗ್ತಿರಲಿಲ್ಲ. ಯಂತ್ರದ ಕೊರತೇನ ಕೈ ತುಂಬಿಕೊಡ್ತದೆ ಅಂತ ನಮಗೆ ಗೊತ್ತಿರೋ ವಿಷಯಾನೇ ಇದು.

ಇನ್ನೊಂದು ರೆಕಾರ್ಡಿನ ಮಾತು ಹೇಳ್ಲೇಬೇಕು, ಇದಕ್ಕೋಸ್ಕರನೇ ಕಾಗದ ಇಷ್ಟು ಉದ್ದ ಆಗಿದ್ದು. ಸೊನಾಟಾ ಅಂದ್ರೆ ಮೂರ್ನಾಲ್ಕು ಭಾಗ ಇರೋ ದೊಡ್ಡ ರಚನೆ, ಶೋಪಾನನ ಎರಡನೇ ಸೊನಾಟಾದಲ್ಲಿ ಮೂರನೇ ಭಾಗ ಒಂದು ಶವಯಾತ್ರೆ. ನಿಮಗೆ ಹೆಸರು ಗೊತ್ತಿಲ್ದಿದ್ರೂ ಕೇಳಿರ್ತೀರಿ, ಕಾಮಿಡಿ ಸೀನುಗಳಲ್ಲಿ ಯಾರದ್ದೋ ಕಥೆ ಮುಗೀತು ಅಂತ ತೋರಿಸೋಕೆ ಢಂ ಢಂ ಢಢಂ ಅಂತ ಹಾಕ್ತಾರಲ್ಲ, ಅದೇ. ಮೊದ್ಲು ಆ ಮೆರವಣಿಗೆ, ನಡುವೆ ಒಂದು ಮೃದುವಾದ ಹಾಡು, ಆಮೇಲೆ ಮತ್ತೆ ಅದೇ ಮೆರವಣಿಗೆ. ಬರೆದಿರೋ ಪ್ರಕಾರ ಎರಡನೇ ಸಲಾನೂ ಮೊದಲ ಸಲದ ತರಾನೇ ಸಣ್ಣಗೆ ಶುರುವಾಗಿ ದೊಡ್ಡದಾಗಬೇಕು. 1930ರ ರೆಕಾರ್ಡಲ್ಲಿ ರಾಖ್ಮನಿನಾಫ್ ಏನು ಮಾಡಿದಾನೆ ಗೊತ್ತಾ? ಮೊದಲ ಸಲ ದೂರದಿಂದ ಸಣ್ಣಗೆ ಬಂದು ಹತ್ರ ಹತ್ರ ಆಗಿ ಜೋರಾಗ್ತದೆ. ನಡುವಿನ ಹಾಡು ಮುಗಿದ ಕೂಡ್ಲೇ ಎರಡನೇ ಸಲ ಏಕ್‌ದಂ ಎದೆ ಮೇಲೆ ಬಿದ್ದಂಗೆ ಪೂರ್ತಿ ಜೋರು, ಅಲ್ಲಿಂದ ಇಳೀತಾ ಇಳೀತಾ ಸಣ್ಣಗಾಗಿ ಇಲ್ಲವಾಗ್ತದೆ. ಅವನಿಗಿಂತ ಮುಂಚೆ ರಷ್ಯಾದವನೇ ಆದ ಇನ್ನೊಬ್ಬ ಪಿಯಾನೋದವನು ಆಂಟನ್ ರೂಬಿನ್‌ಸ್ಟೈನ್ ಹಂಗೆ ನುಡಿಸ್ತಿದ್ದನಂತೆ, ಅದೇ ದಾರಿ ಇವನು ಹಿಡಿದಿದ್ದು. ಕೇಳ್ತಾ ಕೂತಿದ್ದ ನನಗೆ ಪೋಲೆಂಡ್ ರಷ್ಯಾ ಯಾವುದೂ ಕಾಣ್ಲಿಲ್ಲ. ನಮ್ಮ ಓಣೀಲಿ ಹೆಣ ಒಯ್ಯುವಾಗ ಹಲಗೆ ಸದ್ದು ಬರ್ತದಲ್ಲ, ಮೊದ್ಲು ಆ ಮೂಲೆಯಿಂದ, ಆಮೇಲೆ ಅಂಗಡಿ ಮುಂದೆ ಬಂದಾಗ ಕಿವಿ ಗಡಚಿಕ್ಕಿ ಶೆಟರ್ ಎಲ್ಲಾ ನಡುಗ್ತದೆ, ಎದ್ದು ನಿಂತು ಕೈ ಮುಗೀತೀವಿ, ಆಮೇಲೆ ತಿರುವಿನಲ್ಲಿ ಹೋಗ್ತಾ ಹೋಗ್ತಾ ಕೇಳ್ತೈತೋ ಇಲ್ವೋ ಅನ್ನಂಗೆ ಆಗ್ತದೆ, ಅದು ಬಂತು ಕಣ್ಮುಂದೆ. ನಮ್ಮವ್ವನ್ನ ಒಯ್ದ ದಿನ ನಾನೇ ಮುಂದೆ ಇದ್ದೆ, ಹಲಗೆ ನನ್ನ ಜೊತೇನೇ ಬರ್ತಿತ್ತು, ಅದು ಸಣ್ಣಗಾಗ್ಲೇ ಇಲ್ಲ. ಮನೇಲಿ ಉಳಿದ ಹೆಣ್ಣುಮಕ್ಕಳಿಗೆ ಹೆಂಗೆ ಕೇಳಿಸಿರಬಹುದು ಅಂತ ನನಗೆ ಅನ್ನಿಸಿದ್ದು ಈ ರೆಕಾರ್ಡ್ ಕೇಳಿದ ಮೇಲೆ.

ಈಗ ಹೇಳಿ, ಇದನ್ನ ಯಾವುದಾದ್ರೂ ಪರೀಕ್ಷೆ ಹಾಲಲ್ಲಿ ನುಡಿಸಿದ್ರೆ ಏನಾಗ್ತದೆ? ಬರೆದಿದ್ದನ್ನ ಪಾಲಿಸಿಲ್ಲ ಅಂತ ಮಾರ್ಕ್ಸ್ ಕಟ್.

ತಪ್ಪು ಸ್ವರದ ವಿಷಯಕ್ಕೂ ಬರ್ತೀನಿ. ಈ ರೂಬಿನ್‌ಸ್ಟೈನ್ ತಾನೇ ತಮಾಷೆ ಮಾಡ್ತಿದ್ದನಂತೆ, ನಾನು ಪಿಯಾನೋ ಕೆಳಗೆ ಬೀಳಿಸಿದ ಸ್ವರ ಆರಿಸಿಕೊಂಡ್ರೆ ಇನ್ನೊಂದು ಕಛೇರಿ ಆಗ್ತದೆ ಅಂತ. ಕೋರ್ತೋ ಅಂತ ಫ್ರಾನ್ಸಿನೋನು, 1877ರಿಂದ 1962ರವರೆಗೆ ಇದ್ದ, ಅವನ ರೆಕಾರ್ಡಲ್ಲಿ ತಪ್ಪು ಸ್ವರ ಅನ್ನೋದು ಅನ್ನದಲ್ಲಿ ಕಲ್ಲಿನಂಗೆ ಅಲ್ಲಲ್ಲಿ ಸಿಗ್ತವೆ, ನನ್ನಂಥೋನಿಗೇ ಗೊತ್ತಾಗ್ತದೆ ಅಂದ್ರೆ ಲೆಕ್ಕ ಹಾಕ್ಕೊಳ್ಳಿ. ಆದ್ರೂ ಜನ ಇವತ್ತಿಗೂ ಅವನ ಶೋಪಾನ್ ಹುಡುಕ್ಕೊಂಡು ಕೇಳ್ತಾರೆ. ಅವನಿಗೆ ಕೈ ಸಾಧನೆ ಇರಲಿಲ್ಲ ಅಂತ ತಿಳ್ಕೊಂಡ್ರೆ ಅದೂ ತಪ್ಪು, ಬೆರಳಿನ ಅಭ್ಯಾಸದ ಮೇಲೇ ಒಂದು ಪುಸ್ತಕ ಬರೆದ ಮೇಷ್ಟ್ರು ಅವನು. ಅಂದ್ರೆ ಆ ಕಾಲದೋರು ಸೋಮಾರಿಗಳಲ್ಲ. ಅವರಿಗೆ ತಪ್ಪೋದಕ್ಕಿಂತ ಹೆದರಿಕೆ ಬೇರೆ ಯಾವುದರದ್ದೋ ಇತ್ತು.

ಹಂಗಾದ್ರೆ ಇದು ಯಾವಾಗ ತಿರುವು ಹೊಡೀತು ಅಂದ್ರೆ, ನನ್ನ ಪ್ರಕಾರ ಟೇಪು ಬಂದಾಗ. ಮೊದ್ಲು ಗ್ರಾಮೋಫೋನ್ ತಟ್ಟೆ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷದ ಒಳಗೆ ಹಿಡೀತಿತ್ತು, ನಡುವೆ ತಪ್ಪಿದ್ರೆ ಆ ಮಗ್ಗುಲು ಪೂರ್ತಿ ಮತ್ತೆ ನುಡಿಸಬೇಕು, ಇಲ್ಲಾ ತಪ್ಪಿನ ಸಮೇತ ಬಿಡಬೇಕು. 1940ರ ದಶಕದ ಕೊನೆ ಹೊತ್ತಿಗೆ ಸ್ಟುಡಿಯೋಗಳಿಗೆ ಟೇಪ್ ಬಂತು, ಬ್ಲೇಡಲ್ಲಿ ಕತ್ತರಿಸಿ ಅಂಟಿಸೋದು ಬಂತು. ಇಲ್ಲಿಯ ಒಂದು ತುಂಡು ಅಲ್ಲಿಯ ಒಂದು ತುಂಡು. ಅಲ್ಲಿಂದ ಮನೇಲಿ ರೆಕಾರ್ಡ್ ಕೇಳಿ ಕೇಳಿ ಅಭ್ಯಾಸ ಆದ ಜನ ಹಾಲಲ್ಲಿ ಕೂತಾಗ್ಲೂ ಅದನ್ನೇ ಕೇಳೋಕೆ ಶುರು ಮಾಡಿದ್ರು. ಹೋರೊವಿಟ್ಜ್ ಅನ್ನೋ ದೊಡ್ಡ ಪಿಯಾನೋದವನ ಕಥೆ ನೋಡಿ. ಹನ್ನೆರಡು ವರ್ಷ ಕಛೇರಿ ಬಿಟ್ಟು ಕೂತಿದ್ದೋನು 1965ರ ಮೇ 9ಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲಿಗೆ ವಾಪಸ್ ಬಂದ. ಶುರುವಿನಲ್ಲೇ ಕೈ ನಡುಗಿ ತಪ್ಪು ಸ್ವರ ಬಿತ್ತು. ಯಾರಿಗೆ ಬೀಳಲ್ಲ ಹೇಳಿ, ಹನ್ನೆರಡು ವರ್ಷ ಆದ್ಮೇಲೆ. ಆದ್ರೆ ಆಮೇಲೆ ಅಂಗಡಿಗೆ ಬಂದ ರೆಕಾರ್ಡಲ್ಲಿ ಅದನ್ನೆಲ್ಲಾ ತೇಪೆ ಹಾಕಿ ಸರಿ ಮಾಡಿದ್ರು. ತೇಪೆ ಇಲ್ಲದ್ದು ಬಹಳ ವರ್ಷ ಆದ್ಮೇಲೆ ಹೊರಗೆ ಬಂತು. ನಾನು ಎರಡನೇದನ್ನೇ ಕೇಳೋದು. ಅಷ್ಟು ದೊಡ್ಡೋನು ಒಂದು ಕ್ಷಣ ನಡುಗಿದ್ದು ಕೇಳೋದ್ರಲ್ಲಿ ನನಗೇನೋ ಧೈರ್ಯ.

ಟೇಪಿನ ಜೊತೆಗೆ ಸ್ಪರ್ಧೆಗಳು. ಹತ್ತು ಹನ್ನೆರಡು ಜನ ತೀರ್ಪುಗಾರರು ಕೂತಾಗ ಭಾವಕ್ಕೆ ಮಾರ್ಕ್ಸ್ ಹಾಕೋದು ಹೆಂಗೆ, ಒಬ್ಬನಿಗೆ ಕಣ್ಣೀರು ಬಂದಿದ್ದು ಇನ್ನೊಬ್ಬನಿಗೆ ಆಕಳಿಕೆ ತರಿಸಿರ್ತದೆ, ಕೊನೆಗೆ ಎಲ್ಲರೂ ಒಪ್ಪೋದು ತಪ್ಪೆಷ್ಟು ಅನ್ನೋದನ್ನ ಮಾತ್ರ. ವಾರ್ಸಾದಲ್ಲಿ 1927ರಿಂದ ಶೋಪಾನ್ ಸ್ಪರ್ಧೆ ನಡೀತೈತೆ. 1980ರಲ್ಲಿ ಅಲ್ಲಿ ಯುಗೊಸ್ಲಾವಿಯಾದ ಪೊಗೊರೆಲಿಚ್ ಅಂತ ಹುಡುಗ ತನಗೆ ತಿಳಿದಂಗೆ ನುಡಿಸಿದ, ಫೈನಲ್‌ಗೆ ಬಿಡಲಿಲ್ಲ. ತೀರ್ಪುಗಾರರಲ್ಲಿ ಮಾರ್ತಾ ಅರ್ಗೆರಿಚ್ ಇದ್ರು, ಅದೇ ಸ್ಪರ್ಧೆನ 1965ರಲ್ಲಿ ಗೆದ್ದೋರು, ಅವನು ಜೀನಿಯಸ್ ಅಂತ ಹೇಳಿ ಕುರ್ಚಿ ಬಿಟ್ಟು ಎದ್ದು ಹೋದ್ರು. ಆ ಸಲ ಗೆದ್ದಿದ್ದು ವಿಯೆಟ್ನಾಮಿನ ಡಾಂಗ್ ಥಾಯ್ ಸನ್, ಅವರೂ ಬಹಳ ಒಳ್ಳೇ ಕಲಾವಿದರೇ, ಏಷ್ಯಾದವರು ಅಲ್ಲಿ ಗೆದ್ದಿದ್ದು ಅದೇ ಮೊದಲು. ನಾನು ಹೇಳೋದು ಗೆದ್ದೋರು ಸೋತೋರದ್ದಲ್ಲ, ಎದ್ದು ಹೋಗೋ ತೀರ್ಪುಗಾರರು ಈಗ ಎಷ್ಟು ಜನ ಅದಾರೆ ಅಂತ.

ನನ್ನ ಮಗ ಇದನ್ನೆಲ್ಲಾ ಕೇಳಿ ಒಪ್ಪಲ್ಲ. ಬೆಂಗಳೂರಲ್ಲಿ ಸಾಫ್ಟ್‌ವೇರ್. ಅಪ್ಪಾಜಿ, ನಿಮಗೆ ಹಳೇದೆಲ್ಲಾ ಚೆನ್ನಾಗಿ ಕಾಣ್ತದೆ ಅಷ್ಟೇ, ಈಗಿನ ಹುಡುಗರು ಹದಿನೆಂಟು ವರ್ಷಕ್ಕೆ ನುಡಿಸೋದನ್ನ ಆಗಿನೋರು ಮುಟ್ಟೋಕೂ ಹೆದರ್ತಿದ್ರು, ಅಂತಾನೆ. ಅದು ಸುಳ್ಳಲ್ಲ. ಸರಾಸರಿ ಮಟ್ಟ ಏರೈತೆ, ಬರೆದೋನು ಏನು ಬರೆದ ಅನ್ನೋ ಮರ್ಯಾದೆ ಜಾಸ್ತಿ ಆಗೈತೆ. ಹಳಬರಲ್ಲಿ ಅತಿರೇಕದೋರೂ ಇದ್ರು, ಪಾಕ್‌ಮನ್ ಅಂತ ಒಬ್ಬ ನುಡಿಸ್ತಾ ನುಡಿಸ್ತಾ ಜನರ ಜೊತೆ ಮಾತಾಡ್ತಿದ್ದನಂತೆ, ಅಂಥದ್ದು ನನಗೂ ಸೇರಲ್ಲ, ಕಂಪನಿ ನಾಟಕದ ಹಾಸ್ಯ ಪಾತ್ರ ಸಾಕು ಅದಕ್ಕೆ. ಮತ್ತೆ ಕೆನಡಾದ ಪಿಯಾನೋ ಕಲಾವಿದ ಗ್ಲೆನ್ ಗೌಲ್ಡ್ ಅಂಥೋರು 1964ರಲ್ಲಿ ಕಛೇರಿನೇ ಬಿಟ್ಟು ಸ್ಟುಡಿಯೋ ಸೇರಿ ಆ ಕತ್ತರಿಸಿ ಅಂಟಿಸೋದನ್ನೇ ಕಲೆ ಮಾಡ್ಕೊಂಡ್ರು, ಅವರ ನುಡಿಸಾಣಿಕೆ ಕೇಳಿದ್ರೆ ಕತ್ತರಿಗೂ ಮನಸ್ಸಿರಬಹುದು ಅನ್ನಿಸ್ತದೆ. ಮಗನಿಗೆ ಇಷ್ಟು ಒಪ್ಪಿದೀನಿ. ಪೂರ್ತಿ ಒಪ್ಪಿಲ್ಲ, ಯಾಕಂದ್ರೆ ನಾನೇ ಒಂದ್ಸಲ ಕೈ ಸುಟ್ಕೊಂಡಿದೀನಿ.

ಅದು ಹೆಂಗಂದ್ರೆ, ಪೆಟ್ಟಿಗೇಲಿ ಡಬಲ್ ರೀಡ್ ಅಂತ ಬರ್ತದೆ, ಒಂದು ಮನೆ ಒತ್ತಿದ್ರೆ ಎರಡು ಹಿತ್ತಾಳೆ ರೀಡು, ಅಂದ್ರೆ ಗಾಳಿಗೆ ಅದುರಿ ನುಡಿಯೋ ತೆಳು ಪಟ್ಟಿ, ಒಟ್ಟಿಗೆ ನುಡೀತವೆ. ರೀಡಿನ ತುದಿ ಕೆರೆದ್ರೆ ಸ್ವರ ಏರ್ತದೆ, ಬುಡ ಕೆರೆದ್ರೆ ಇಳೀತದೆ, ಕೂದಲೆಳೆಯ ಕೆಲಸ. ಅಪ್ಪ ಯಾವಾಗ್ಲೂ ಕಿವೀಲೇ ಸೇರಿಸೋರು, ಎರಡು ರೀಡಿನ ಮಧ್ಯೆ ಒಂದು ಎಳೆ ವ್ಯತ್ಯಾಸ ಬಿಡೋರು, ಅದರಿಂದ ನಾದದಲ್ಲಿ ಒಂದು ನಿಧಾನದ ಅಲೆ ಏಳ್ತದೆ, ಕೆರೆ ನೀರಿನ ಮೇಲೆ ಗಾಳಿ ಹೋದಂಗೆ. ಆರೇಳು ವರ್ಷದ ಹಿಂದೆ ನಾನು ಫೋನಿಗೆ ಟ್ಯೂನರ್ ಆ್ಯಪ್ ಹಾಕ್ಕೊಂಡೆ, ಮುಳ್ಳು ನಟ್ಟ ನಡುವೆ ನಿಲ್ಲೋವರೆಗೂ ಬಿಡಬಾರದು ಅಂತ ಹಠ. ಚನ್ನಗಿರಿ ಕಡೆಯ ಒಬ್ರು ಭಜನೆ ಮೇಳದೋರ ಪೆಟ್ಟಿಗೆ ಬಂದಿತ್ತು, ಮೂರು ದಿನ ಕೂತು ಎಲ್ಲಾ ರೀಡೂ ಮುಳ್ಳಿನ ಮೇಲೆ ನಿಲ್ಲಿಸಿದೆ. ನನ್ನ ಜೀವನದಲ್ಲೇ ಅಷ್ಟು ಕರೆಕ್ಟಾಗಿ ಯಾವ ಪೆಟ್ಟಿಗೇನೂ ಸೇರಿಸಿರಲಿಲ್ಲ. ಅವರು ಬಂದು ಒಂದು ನಿಮಿಷ ನುಡಿಸಿದ್ರು, ನಿಲ್ಲಿಸಿದ್ರು, ನನ್ನ ಮುಖ ನೋಡಿದ್ರು. ಏನ್ರಿ ಇದು, ನಮ್ಮ ಪೆಟ್ಟಿಗೆ ಬಾಯಿ ಕಟ್ಟಿದಂಗೆ ಐತಲ್ರಿ, ಅಂದ್ರು. ದುಡ್ಡು ಕೊಟ್ಟೇ ಹೋದ್ರು, ಮರ್ಯಾದಸ್ಥರು. ಎಂಟು ದಿನಕ್ಕೆ ವಾಪಸ್ ತಂದ್ರು. ಆ್ಯಪ್ ಬಂದ್ ಮಾಡಿ ಕಿವೀಲಿ ಮತ್ತೆ ಅಲೆ ಬಿಟ್ಟು ಕೊಟ್ಟೆ, ಆ ಸಲದ್ದು ನಾನು ದುಡ್ಡು ಇಸ್ಕೊಳ್ಲಿಲ್ಲ. ಅಂದಹಾಗೆ ಪಿಯಾನೋ ಟ್ಯೂನ್ ಮಾಡೋರೂ ಮೇಲಿನ ಸ್ವರಗಳನ್ನ ಲೆಕ್ಕದ ಜಾಗಕ್ಕಿಂತ ಒಂದೆಳೆ ಏರಿಸೇ ಇಡ್ತಾರಂತೆ, ತಂತಿಯ ಗಡಸುತನದಿಂದ ಲೆಕ್ಕದಂಗೆ ಇಟ್ರೆ ಕಿವಿಗೆ ತಗ್ಗಿದಂಗೆ ಕೇಳ್ತದೆ ಅಂತ. ಅಲ್ಲಿಗೆ ಲೆಕ್ಕವೇ ಸರಿ ಅನ್ನೋದು ಆ ವಾದ್ಯದ ಒಡಲಲ್ಲೇ ಇಲ್ಲ. (ಇಷ್ಟು ಹೊತ್ತಿಗೆ ಇವನು ಬೆಣ್ಣೆ ದೋಸೆ ಉದಾಹರಣೆ ಕೊಡ್ತಾನೆ ಅಂತ ಕಾಯ್ತಿದ್ರೆ, ಕೊಡಲ್ಲ, ಊರವರೆಲ್ಲಾ ಎಲ್ಲಾದಕ್ಕೂ ಅದನ್ನೇ ಕೊಟ್ಟು ಸಾಕಾಗೈತೆ.)

ಮೊಮ್ಮಗಳ ಗ್ರೇಡ್ ಪರೀಕ್ಷೆ ರಿಸಲ್ಟ್ ಹೋದ ತಿಂಗಳು ಬಂತು. ವಿಡಿಯೋ ಮಾಡಿ ಕಳಿಸಿದ್ದು. ಪಾಸಾಗಿದಾಳೆ, ಆದ್ರೆ ಒಂದು ತುಣುಕಿನಲ್ಲಿ ವೇಗ ಸ್ಥಿರವಾಗಿಲ್ಲ ಅಂತ ಮಾರ್ಕ್ಸ್ ಹಿಡಿದಿದಾರೆ. ನಾನು ಮೊದ್ಲು ಸಿಟ್ಟಾದೆ, ಆಮೇಲೆ ಆ ವಿಡಿಯೋ ನಾಲ್ಕು ಸಲ ನೋಡಿದೆ. ನ್ಯಾಯವಾಗಿ ಹೇಳಬೇಕು, ಎರಡು ಕಡೆ ಅವಳು ನಿಧಾನ ಮಾಡಿದ್ದು ಕೈಗೆ ಕಷ್ಟ ಆಗಿದ್ದಕ್ಕೆ, ಬೆರಳು ಹುಡುಕ್ತಿದ್ಲು, ಅದಕ್ಕೆ ಮಾರ್ಕ್ಸ್ ಹೋಗಬೇಕಾದ್ದೇ. ಆದ್ರೆ ಒಂದು ಕಡೆ, ಆ ಹಳೇ ಏರಿ ಇಳಿಯೋ ಜಾಗದ ತರದ್ದೇ, ಎಡಗೈ ನೆಟ್ಟಗೆ ಹೋಗ್ತಾ ಇತ್ತು, ಬಲಗೈ ಮಾತ್ರ ಒಂಚೂರು ತಡೀತು. ಪರೀಕ್ಷಕರಿಗೆ ಮೂರೂ ಒಂದೇ ಆಗಿ ಕಂಡವು. ಎಡಗೈಯೂ ನಿಂತ್ರೆ ತಡವರಿಕೆ, ಬಲಗೈ ಒಂದೇ ತಡೆದ್ರೆ ಬೇಕಂತ ಮಾಡಿದ್ದು, ಇದು ನನ್ನ ಅಂಗಡಿ ಲೆಕ್ಕ, ಯಾವಾಗ್ಲೂ ಸರಿ ಅಂತಲ್ಲ, ರಾಖ್ಮನಿನಾಫ್ ಎಷ್ಟೋ ಕಡೆ ಎರಡೂ ಕೈ ನಿಲ್ಲಿಸಿ ಕೂರ್ತಾನೆ. ಆದ್ರೂ ಮಗು ಎಡವಿದ್ದಕ್ಕೂ ನಿಂತು ನೋಡಿದ್ದಕ್ಕೂ ಒಂದೇ ದಂಡ ಹಾಕಿದ್ರೆ, ಅದು ಮುಂದೆ ಎರಡನ್ನೂ ಬಿಟ್ಟುಬಿಡ್ತದೆ. ಅವಳು ಬಿಟ್ಟೂ ಆಯ್ತು. ಈಗ ಕ್ಲಾಸಲ್ಲಿ ಮೇಡಂ ಮುಂದೆ ಗಡಿಯಾರ, ಅಂಗಡೀಲಿ ನನ್ನ ಮುಂದೆ ಮಾತ್ರ ಒಂದೊಂದ್ಸಲ ಕಣ್ಣು ಮಿಟುಕಿಸಿ ತಡೀತಾಳೆ, ಕದ್ದು ಐಸ್‌ಕ್ರೀಂ ತಿಂದಂಗೆ.

ಸಂಪಾದಕರೇ, ನಿಮ್ಮಲ್ಲಿ ಕೇಳೋದು ಇಷ್ಟೇ. ನಿಮ್ಮ ಆ ಸುದ್ದೀಲಿ ಹುಡುಗನ ಹೆಸರಿತ್ತು, ಶಾಲೆ ಹೆಸರಿತ್ತು, ಬಹುಮಾನ ಕೊಟ್ಟೋರ ಹೆಸರು ಏಳು ಇದ್ದವು, ನಾನು ಎಣಿಸಿದೀನಿ, ವೇದಿಕೆ ಮೇಲಿದ್ದೋರ ಹೆಸರಂತೂ ಹುದ್ದೆ ಸಮೇತ. ಹುಡುಗ ಏನು ನುಡಿಸಿದ ಅನ್ನೋದು ಮಾತ್ರ ಎಲ್ಲೂ ಇಲ್ಲ. ತಪ್ಪಿಲ್ಲದೆ ನುಡಿಸಿದ, ಏನನ್ನ? ಹಾಡಾ, ರಾಗಾನಾ, ಶೋಪಾನಾ, ಆರತಿ ಪದಾನಾ? ಕ್ರಿಕೆಟ್ ಸುದ್ದಿ ಬರೆದ್ರೆ ಯಾವ ಬಾಲಿಗೆ ಹೆಂಗೆ ಹೊಡೆದ ಅಂತ ಬರೀತೀರಿ, ಇದಕ್ಕೆ ಯಾಕೆ ಬರಿಯಲ್ಲ. ಮುಂದಿನ ಸಲ ವರದಿಗಾರರನ್ನ ಕಳಿಸಿದ್ರೆ ಏನು ನುಡಿಸಿದ ಅಂತ ಒಂದು ಲೈನು, ಕೇಳ್ತಾ ಕೂತಾಗ ಅವರಿಗೇ ಏನನ್ನಿಸ್ತು ಅಂತ ಇನ್ನೊಂದು ಲೈನು ಬರೆಯೋಕೆ ಹೇಳಿ. ಜಾಗ ಸಾಲದಿದ್ರೆ ವೇದಿಕೆ ಮೇಲಿನೋರಲ್ಲಿ ಇಬ್ಬರನ್ನ ಕಡಿಮೆ ಮಾಡಿ.

ಆ ಹುಡುಗನ ಮನೆಯೋರು ಇದನ್ನ ಓದಿದ್ರೆ, ಒಂದ್ಸಲ ಅವನನ್ನ ಕರ್ಕೊಂಡು ಅಂಗಡಿಗೆ ಬನ್ನಿ. ಅಪ್ಪನ ಕಾಲ್ಪೆಟ್ಟಿಗೆ ಇನ್ನೂ ಇಟ್ಕೊಂಡಿದೀನಿ, ಜರ್ಮನ್ ರೀಡು, ಮೇಲಿನ ಎರಡು ಮನೆ ನುಡಿಯಲ್ಲ, ಎಡಗಾಲಿನ ಪಟ್ಟಿ ಒತ್ತಿದ್ರೆ ಕಿರ್ ಅಂತದೆ. ಕೀಬೋರ್ಡಿನ ಕೈಗೆ ಮೊದ್ಲು ಗೊತ್ತಾಗಲ್ಲ, ಹತ್ತು ನಿಮಿಷ ಬೇಕು. ಭಾನುವಾರ ಅಂಗಡಿ ರಜಾ, ಉಳಿದ ದಿನ ಸಂಜೆ ಆರರ ಮೇಲೆ ಮೊಮ್ಮಗಳೂ ಇರ್ತಾಳೆ.

ಇಂತಿ,
ಒಬ್ಬ ಹಾರ್ಮೋನಿಯಂ ರಿಪೇರಿಯವನು
(ಹೆಸರು ಹಾಕಬೇಡಿ, ಮೊಮ್ಮಗಳ ಮೇಡಂ ನಿಮ್ಮ ಪೇಪರೇ ತರಿಸೋದು)
ಮಂಡಿಪೇಟೆ, ದಾವಣಗೆರೆ